ಫೈನ್ ಆರ್ಟ್ ಫೋಟೋ ಅಂದ್ರೆ ಏನು? ಅನುಭವ ಇದ್ದವರು ಹೇಳಿ

ಬಳ್ಳಾರಿಯಿಂದ: ಎಂಟು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ನಮ್ಮ ಕೋಟೆ ಬೆಟ್ಟದ ಫೋಟೋ ಒಂದನ್ನು ಪ್ರದರ್ಶನಕ್ಕೆ ಕಳಿಸಿದ್ದೆ. ಚೆನ್ನಾಗಿದೆ, ಆದರೆ ಫೈನ್ ಆರ್ಟ್ ಅಲ್ಲ ಅಂತ ವಾಪಸ್ ಬಂತು. ಹಾಗಂದ್ರೆ ಏನು?

ಗಂಗಾವತಿಯಿಂದ: ಅಣ್ಣ, ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು. ನಮ್ಮೂರಿನ ಒಂದು ಅಕ್ಕಿ ಮಿಲ್ಲಿನವರು ಫೋಟೋ ಬೇಕು ಅಂದರು, ತೆಗೆದುಕೊಟ್ಟೆ. ಮಷೀನು, ಚೀಲ, ಬೋರ್ಡು ಎಲ್ಲಾ ಕಾಣಬೇಕಿತ್ತು, ಕಂಡವು. ಆದರೆ ಅಲ್ಲಿ ತಗಡಿನ ತೂತಿನಿಂದ ಸಂಜೆ ಬಿಸಿಲು ಕೋಲಿನ ಹಾಗೆ ಇಳಿಯುತ್ತೆ, ಅದರೊಳಗೆ ಹೊಟ್ಟಿನ ದೂಳು ಮೇಲೂ ಹೋಗದೆ ಕೆಳಗೂ ಬೀಳದೆ ತೇಲುತ್ತಾ ಇರುತ್ತೆ. ನಮ್ಮಪ್ಪ ಅಂಥದ್ದೇ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು; ಸ್ಕೂಲು ಬಿಟ್ಟ ಮೇಲೆ ನಾನು ಆ ದೂಳು ನೋಡುತ್ತಾ ಅವರಿಗಾಗಿ ಕಾಯುತ್ತಾ ಕೂರುತ್ತಿದ್ದೆ. ಆ ಕಾಯೋದು ಫೋಟೋದಲ್ಲಿ ಬರಬೇಕು ಅನ್ನಿಸಿತು. ಒಂದೂವರೆ ತಿಂಗಳು ದಿನಾ ಸಂಜೆ ಹೋದೆ. ಕೊನೆಗೆ ಬಿಸಿಲಿಗೆ ತಕ್ಕಂತೆ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡೋ ಬೆಳಕಿನ ಅಳತೆ) ಇಟ್ಟು ಉಳಿದಿದ್ದೆಲ್ಲಾ ಕತ್ತಲಿಗೆ ಬಿಟ್ಟೆ. ದೂಳು, ಮೂಲೆಯಲ್ಲಿ ಒಂದು ಜೊತೆ ಚಪ್ಪಲಿ, ಅಷ್ಟೇ. ಮೊದಲು ತೆಗೆದದ್ದು ಮಿಲ್ಲಿನ ಫೋಟೋ. ಇದು ನನ್ನದು.

ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ದಪ್ಪ ಮೆಣಸಿನಕಾಯಿ ಒಂದನ್ನು ತಗಡಿನ ಲಾಳಿಕೆಯೊಳಗೆ ಇಟ್ಟು ತೆಗೆದ 'ಪೆಪ್ಪರ್ ನಂ. 30' ಹುಡುಕಿ ನೋಡಿ. ಬಗ್ಗಿ ಕೂತ ಮನುಷ್ಯನ ಬೆನ್ನಿನ ಹಾಗಿದೆ. ತರಕಾರಿ ಹೇಗಿರುತ್ತೆ ಅಂತ ತೋರಿಸೋಕೆ ತೆಗೆದಿದ್ದಲ್ಲ, ಅಲ್ವಾ? ಅಲ್ಲಿಯವರೇ ಆದ ಇನ್ನೊಬ್ಬ ಫೋಟೋಗ್ರಾಫರ್ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಅಂತೂ 1920ರ ದಶಕದಲ್ಲಿ ಬರೀ ಮೋಡಗಳನ್ನೇ ತೆಗೆದು, ತನ್ನ ಮನಸ್ಸಿನಲ್ಲಿದ್ದದ್ದಕ್ಕೆ ಇವು ಸಮ ಅನ್ನೋ ಅರ್ಥದಲ್ಲಿ 'ಈಕ್ವಿವಲೆಂಟ್ಸ್' ಅಂತ ಕರೆದರು.

ರಾಯಚೂರಿನಿಂದ: ಸುಮ್ನೆ ಕಪ್ಪು ಬಿಳುಪು ಮಾಡಿದ್ರೆ ಫೈನ್ ಆರ್ಟ್ ಆಗಲ್ಲ. ಪ್ರಿಂಟ್ ಹಾಕಿಸಿ ನೋಡಿ. ಬೇಸಿಗೆಯ ಕೃಷ್ಣಾ ನದಿ ಪಾತ್ರದ ಫೋಟೋ ಮೊದಲು ಗ್ಲಾಸಿ ಪೇಪರಿನಲ್ಲಿ ಹಾಕಿಸಿದ್ದೆ, ಒಣ ಮರಳು ಒದ್ದೆಯಾದ ಹಾಗೆ ಮಿನುಗುತ್ತಿತ್ತು. ಹತ್ತಿ ನಾರಿನ ಮ್ಯಾಟ್ ಕಾಗದಕ್ಕೆ ಬಂದ ಮೇಲೇ ಅದು ಒಣಗಿದ್ದು. ಹತ್ತೇ ಪ್ರಿಂಟ್ ಮಾಡಿಸಿ, ನಂಬರ್ ಹಾಕಿ ಸಹಿ ಮಾಡಿದೆ.

ಸಂಡೂರಿನಿಂದ: ಅದಿರಿನ ಲಾರಿ ಓಡಾಡೋ ರಸ್ತೆ ಪಕ್ಕದ ಗಿಡಗಳ ಮೇಲೆ ಕೆಂಪು ದೂಳು ಕೂತಿರುತ್ತೆ. ಪತ್ರಿಕೆಗೆ ಕೊಟ್ಟಾಗ ಊರು, ತಾರೀಕು, ಲಾರಿ ಎಲ್ಲಾ ಬೇಕಿತ್ತು. ಆಮೇಲೆ ಒಂದೇ ಗಿಡದ ಎಲೆಯನ್ನು ತಿಂಗಳಿಗೊಂದರಂತೆ ತೆಗೆದು, 12 ಫೋಟೋ ಸಾಲಾಗಿ ಗೋಡೆಗೆ ಹಾಕಿದೆ. ಊರು ಯಾವುದು ಅಂತ ಯಾರೂ ಕೇಳಲಿಲ್ಲ. ಒಬ್ಬ ಅಜ್ಜಿ ಬೆರಳಿನಿಂದ ದೂಳು ಒರೆಸೋಕೆ ಹೋದರು. ಎರಡೂ ಬೇಕಾದ ಕೆಲಸವೇ. ನಿಮ್ಮ ಬೆಟ್ಟದ ಫೋಟೋ ಕಳಿಸಿ, ಅವತ್ತು ಅಲ್ಲಿಗೆ ಯಾಕೆ ಹತ್ತಿದ್ರಿ ಅನ್ನೋದನ್ನೂ ಬರೆಯಿರಿ.