ಹಾರ್ಟ್ ಬ್ಲಾಕ್ ಅಂದ್ರೆ ಸ್ಟೆಂಟ್ ಅಲ್ವಾ? ಅಪ್ಪನಿಗೆ ಪೇಸ್‌ಮೇಕರ್ ಯಾಕೆ?

ಸಿಂಧನೂರು ಹುಡುಗ:
ನಮ್ಮಪ್ಪನಿಗೆ 68 ವರ್ಷ. ಮೊನ್ನೆ ಗದ್ದೆ ಬದುವಿನ ಮೇಲೆ ಕಣ್ಣು ಕತ್ತಲೆ ಬಂದು ಕುಸಿದರು, ಸ್ವಲ್ಪ ಹೊತ್ತಿಗೆ ತಾವೇ ಎದ್ದು ಬಿಸಿಲಿಗೆ ಹಾಗಾಯ್ತು ಅಂದರು. ನಾಡಿ ನೋಡಿದರೆ ಬರೀ 36. ರಾಯಚೂರಿನಲ್ಲಿ ಇಸಿಜಿ ತೆಗೆದು ಕಂಪ್ಲೀಟ್ ಹಾರ್ಟ್ ಬ್ಲಾಕ್, ಪೇಸ್‌ಮೇಕರ್ ಬೇಕು, ಈಗಲೇ ಅಡ್ಮಿಟ್ ಮಾಡಿ ಅಂದರು. ಅಪ್ಪ ಕೇಳದೆ ಮನೆಗೆ ಬಂದುಬಿಟ್ಟಿದ್ದಾರೆ. ದೊಡ್ಡಪ್ಪನಿಗೂ ಬ್ಲಾಕ್ ಇತ್ತು, ಸ್ಟೆಂಟ್ ಹಾಕಿ ಕಳಿಸಿದರು. ಅಪ್ಪನಿಗೆ ಮಾತ್ರ ಮಿಷನ್ ಯಾಕೆ?

ಕೊಪ್ಪಳದ ಲೈನ್‌ಮನ್:
ಅಣ್ಣಾ, ಎರಡಕ್ಕೂ ಬ್ಲಾಕ್ ಅಂತಲೇ ಹೇಳ್ತಾರೆ, ಗೋಳು ಅದೇ. ನಮ್ಮವ್ವನಿಗೆ ಆದಾಗ ನಾನೂ ಡಾಕ್ಟರ್ ಜೊತೆ ಸುಮ್ನೆ ವಾದ ಮಾಡಿದ್ದೆ. ದೊಡ್ಡಪ್ಪನದು ರಕ್ತನಾಳ ಕಟ್ಟಿಕೊಂಡಿದ್ದು, ಅದನ್ನ ತೆರೆದಿಡೋ ಸಣ್ಣ ಜಾಲರಿ ಕೊಳವೆನೇ ಸ್ಟೆಂಟ್. ಅಪ್ಪನದು ಹೃದಯ ಬಡಿಸೋ ಕರೆಂಟಿನ ಲೈನ್ ಕಟ್ ಆಗಿದ್ದು. ಹೃದಯದ ಬಲ ಮೇಲ್ಕೋಣೆಯಲ್ಲಿ ಎಸ್‌ಎ ನೋಡ್ ಇದೆ, ನಿಮಿಷಕ್ಕೆ 60ರಿಂದ 100 ಸಲ ಕರೆಂಟ್ ಬಿಡುತ್ತದೆ. ಅದು ಮೇಲ್ಕೋಣೆ ಕೆಳಕೋಣೆಗಳ ನಡುವಿನ ಎವಿ ನೋಡ್‌ಗೆ ಬಂದು, ಮೇಲಿನ ರಕ್ತ ಪೂರ್ತಿ ಕೆಳಗಿಳಿಯಲಿ ಅಂತ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ತಡೆದು, ಆಮೇಲೆ ಕೆಳಕೋಣೆಗಳಿಗೆ ಹೋಗುತ್ತದೆ. ಕಂಪ್ಲೀಟ್ ಬ್ಲಾಕ್‌ನಲ್ಲಿ ಒಂದೂ ಕೆಳಗೆ ಮುಟ್ಟಲ್ಲ, ಆ ಕರೆಂಟನ್ನ ಕೆಳಕೋಣೆಗೆ ಕೊಡೋ ಮಿಷನ್ನೇ ಪೇಸ್‌ಮೇಕರ್. ಮತ್ತೆ ಆ 36 ಎಲ್ಲಿಂದ ಬಂತು ಅಂದ್ರೆ, ಮೇಲಿನಿಂದ ಏನೂ ಬಾರದಿದ್ದರೆ ಕೆಳಕೋಣೆ ತಾನೇ 20ರಿಂದ 40 ಸಲ ಬಡಿಯುತ್ತದೆ. ಕರೆಂಟ್ ಹೋದಾಗ ಹಳೇ ಡೀಸೆಲ್ ಇಂಜಿನ್ ಹಚ್ಚಿದ ಹಾಗೆ. ಅದನ್ನ ನಂಬಿ ಮನೆಯಲ್ಲಿ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಬೈಕ್ ಮೇಲಂತೂ ಕೂರಿಸಲೇಬೇಡಿ.

ಬಳ್ಳಾರಿ ಸಿಸ್ಟರ್:
ಮಾತ್ರೆ ಚೀಟಿ ಮರೀಬೇಡಿ. ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ಇವೆಲ್ಲ ನಾಡಿ ಇಳಿಸುತ್ತವೆ, ಕೆಲವರಿಗೆ ಅದನ್ನು ನಿಲ್ಲಿಸಿದರೇ ಸರಿಹೋಗುತ್ತದೆ. ಆದರೆ ಅದನ್ನು ಮಾನಿಟರ್ ಹಚ್ಚಿ ಆಸ್ಪತ್ರೆಯಲ್ಲೇ ನೋಡಬೇಕು. ಆಯುಷ್ಮಾನ್ ಕಾರ್ಡ್ ಇದ್ದರೆ ಅದನ್ನೂ ಇಟ್ಟುಕೊಳ್ಳಿ.

ಸಿಂಧನೂರು ಹುಡುಗ:
ಬಿಪಿಗೆ ಮೆಟೊಪ್ರೊಲಾಲ್ ತಗೊಳ್ತಾರೆ, ಚೀಟಿ ಜೇಬಲ್ಲಿಟ್ಟೆ. 108ಕ್ಕೆ ಹೇಳಿದ್ದೀನಿ. ಅಪ್ಪ ಕೇಳ್ತಿರೋದು ಒಂದೇ, ಮಿಷನ್ ಹಾಕಿದ ಮೇಲೆ ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಬಹುದಾ?

ಕೊಪ್ಪಳದ ಲೈನ್‌ಮನ್:
ಸ್ಟಾರ್ಟರ್ ಒತ್ತಬಹುದು, ಓಡ್ತಿರೋ ಮೋಟರ್ ಮೇಲೆ ಎದೆ ಬಗ್ಗಿಸಬಾರದು ಅಷ್ಟೇ. ವೆಲ್ಡಿಂಗ್ ಡಾಕ್ಟರನ್ನ ಕೇಳದೆ ಬೇಡ. ಮೊಬೈಲ್ ಎದೆ ಜೇಬಲ್ಲಿಡದೆ ಮಿಷನ್‌ನಿಂದ 15 ಸೆಂಟಿಮೀಟರ್ ದೂರ ಇಟ್ಟುಕೊಳ್ಳಲಿ. ಮೊದಲ ಕೆಲವು ವಾರ ಮಿಷನ್ ಹಾಕಿದ ಕಡೆಯ ಕೈ ಮೇಲೆತ್ತಬಾರದು, ನಮ್ಮವ್ವನಿಗೆ ಜಾಸ್ತಿ ಕಷ್ಟ ಆಗಿದ್ದು ಅದೇ, ಜಡೆ ಹಾಕಿಕೊಳ್ಳಕ್ಕೆ ಆಗ್ತಿರಲಿಲ್ಲ. ಇನ್ನೊಂದು, 1958ರಲ್ಲಿ ಸ್ವೀಡನ್‌ನಲ್ಲಿ ಮೈಯೊಳಗೆ ಮೊದಲು ಪೇಸ್‌ಮೇಕರ್ ಹಾಕಿಸಿಕೊಂಡ ಆರ್ನೆ ಲಾರ್ಸನ್, ಮಿಷನ್ ಬದಲಿಸುತ್ತಾ ಬದಲಿಸುತ್ತಾ 86ನೇ ವಯಸ್ಸಿನವರೆಗೆ ಬದುಕಿದರು. ಅಪ್ಪನಿಗೆ ಹೇಳಿ.

ಸಿಂಧನೂರು ಹುಡುಗ:
ಹೇಳಿದೆ. ಗಾಡಿ ಹತ್ತಿದರು. ರಾತ್ರಿ ನೀರು ಹಾಯಿಸೋರು ಯಾರು ಅಂತ ಅಲ್ಲಿಂದಲೇ ಫೋನ್ ಶುರು ಮಾಡಿದ್ದಾರೆ.