ವಲ್ನರಬಿಲಿಟಿಗೆ ‘ಭದ್ರತಾ ಲೋಪ’ ಸರಿಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ,

ಲಿಬ್ರೆಆಫೀಸನ್ನು (ಪತ್ರ, ಲೆಕ್ಕಪಟ್ಟಿ ತಯಾರಿಸುವ ಉಚಿತ ಸಾಫ್ಟ್‌ವೇರ್) ಯಾಕೆ ಆಗಾಗ ಅಪ್‌ಡೇಟ್ ಮಾಡಬೇಕು ಅಂತ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ವಲ್ನರಬಿಲಿಟಿ, ಅಂದರೆ ಹೊರಗಿನವರು ಒಳನುಗ್ಗಲು ದಾರಿಯಾಗುವ ಸಾಫ್ಟ್‌ವೇರಿನ ತಪ್ಪು, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು ಅನ್ನುವಲ್ಲಿ ಬಂದು ನಿಂತಿದ್ದೇನೆ.

ಪತ್ರಿಕೆಗಳ ‘ಭದ್ರತಾ ಲೋಪ’ ನನಗೆ ಒಪ್ಪಿಗೆಯಿಲ್ಲ. ಆ ಪದ ಕೇಳಿದರೆ 2023ರ ಡಿಸೆಂಬರ್‌ನಲ್ಲಿ ಲೋಕಸಭೆಯ ಗ್ಯಾಲರಿಯಿಂದ ಇಬ್ಬರು ಕೆಳಗೆ ಜಿಗಿದದ್ದು ನೆನಪಾಗುತ್ತದೆ. ಏನೋ ನಡೆದುಹೋಗಿದೆ, ಕಾವಲಿಗಿದ್ದವರು ಎಡವಿದ್ದಾರೆ ಅಂತ ಅರ್ಥ. ಸಾಫ್ಟ್‌ವೇರಿನದು ಹಾಗಲ್ಲ, ಯಾರೂ ನುಗ್ಗದಿದ್ದರೂ ಅದು ಅಲ್ಲಿ ಇದ್ದೇ ಇರುತ್ತದೆ. ಮೈಕ್ರೋಸಾಫ್ಟ್ ಆಫೀಸಿನ ಹಳೇ ಈಕ್ವೇಶನ್ ಎಡಿಟರ್ (ಗಣಿತದ ಸಮೀಕರಣ ಬರೆಯುವ ಪ್ರೋಗ್ರಾಮ್) 2000ದಲ್ಲಿ ತಯಾರಾದದ್ದು. ಫಾಂಟಿನ ಹೆಸರು ಎಷ್ಟುದ್ದ ಇದೆ ಅಂತ ನೋಡದೆ ಅದನ್ನು ಮೆಮೊರಿಗೆ ತುಂಬಿಕೊಳ್ಳುತ್ತಿತ್ತು, ಅದು ಬಯಲಾಗಿ ರಿಪೇರಿ ಬಂದದ್ದು 2017ರ ನವೆಂಬರ್‌ನಲ್ಲಿ!

‘ದೌರ್ಬಲ್ಯ’ ಟಾನಿಕ್ ಜಾಹೀರಾತಿನ ಪದ, ಬಿಡಿ. ‘ಕನ್ನ’ ಅಂದರೆ ಕಳ್ಳನೇ ಕೊರೆಯುವುದು, ಹಾಗಾಗಿ ಅದು ಎಕ್ಸ್‌ಪ್ಲಾಯ್ಟ್‌ಗೆ (ಅಂಥ ತಪ್ಪನ್ನು ಬಳಸಿಕೊಂಡು ಒಳನುಗ್ಗುವುದಕ್ಕೆ) ಚೆನ್ನಾಗಿ ಕೂರುತ್ತದೆ. ‘ಖಾತೆಗೆ ಕನ್ನ’ ಅಂತ ದಿನಾ ಓದುತ್ತೇವಲ್ವಾ?

ನನ್ನ ಮನಸ್ಸು ‘ಕಿಂಡಿ’ಯ ಕಡೆ ವಾಲಿದೆ. ಒಂದು ತಕರಾರಿದೆ: ಬೆಳಕಿಂಡಿ, ಕಿಂಡಿ ಅಣೆಕಟ್ಟು ಎಲ್ಲ ಬೇಕಂತಲೇ ಬಿಟ್ಟವು. ಆದರೆ ಸಿವಿಇ-2018-16858 ನೋಡಿ (ಸಿವಿಇ ಅಂದರೆ ಬಯಲಾದ ವಲ್ನರಬಿಲಿಟಿಗಳಿಗೆ ಕೊಡುವ ಗುರುತಿನ ಸಂಖ್ಯೆ). ಡಾಕ್ಯುಮೆಂಟಿನ ಲಿಂಕ್ ಮೇಲೆ ಮೌಸ್ ಹೋದರೆ ಮ್ಯಾಕ್ರೋ (ಡಾಕ್ಯುಮೆಂಟಿನಿಂದ ಓಡುವ ಪುಟ್ಟ ಪ್ರೋಗ್ರಾಮ್) ಓಡಲಿ ಅಂತ ಲಿಬ್ರೆಆಫೀಸಿನವರು ಬೇಕಂತಲೇ ಕೊಟ್ಟ ಸೌಲಭ್ಯ ಅದು, ಯಾವ ಫೋಲ್ಡರಿನ ಸ್ಕ್ರಿಪ್ಟ್ ಓಡುತ್ತಿದೆ ಅಂತ ಸರಿಯಾಗಿ ತಪಾಸಣೆ ಇರಲಿಲ್ಲ ಅಷ್ಟೇ, ಹಾಗಾಗಿ ಲಿಬ್ರೆಆಫೀಸಿನ ಜೊತೆಗೇ ಬರುವ ಪೈಥಾನ್ ಫೈಲನ್ನೇ ಬಳಸಿಕೊಂಡು, ಬಳಕೆದಾರರಿಗೆ ಒಂದು ಎಚ್ಚರಿಕೆಯೂ ಕಾಣದ ಹಾಗೆ, ಹೊರಗಿನವರು ತಮಗೆ ಬೇಕಾದ ಕಮಾಂಡ್ ಓಡಿಸಬಹುದಿತ್ತು. ಸರಳು ಹಾಕದೆ ಬಿಟ್ಟ ಕಿಂಡಿ ಅನ್ನಬಹುದು. ಈಕ್ವೇಶನ್ ಎಡಿಟರಿನ ಹಾಗೆ ಮೆಮೊರಿ ಉಕ್ಕುವಂಥ ತಪ್ಪಿಗೆ ಮಾತ್ರ ‘ಬಿರುಕು’ ಹೆಚ್ಚು ಹತ್ತಿರ ಅನಿಸುತ್ತದೆ. ಆದರೆ ಕೈಪಿಡಿಯಲ್ಲಿ ಎರಡೆರಡು ಪದ ಬಳಸಿ ಓದುಗರನ್ನು ಸುಮ್ನೆ ಗೊಂದಲಕ್ಕೆ ಹಾಕಲು ಇಷ್ಟವಿಲ್ಲ.

ಇನ್ನು ಪ್ಯಾಚ್, ಅಂದರೆ ತಪ್ಪಿರುವ ಭಾಗವನ್ನಷ್ಟೇ ಸರಿಪಡಿಸುವ ತುಣುಕು. ‘ತೇಪೆ’ ಸೊಗಸಾದ ಪದ, ಆದರೆ ‘ತೇಪೆ ಹಚ್ಚುವ ಕೆಲಸ’ ಅಂದರೆ ಬೈಗುಳ. ಈಕ್ವೇಶನ್ ಎಡಿಟರಿಗೆ ಅದು ಒಪ್ಪುತ್ತದೆ, ತೇಪೆ ಹಚ್ಚಿದರು, 2018ರ ಜನವರಿಯಲ್ಲಿ ಇಡೀ ಪ್ರೋಗ್ರಾಮನ್ನೇ ಕಿತ್ತುಹಾಕಿದರು. ಲಿಬ್ರೆಆಫೀಸ್ ಬಳಸುವವರ ಕೈಗೆ ತೇಪೆ ಬರುವುದೇ ಇಲ್ಲ. ಮೇಲೆ ಹೇಳಿದ ಮ್ಯಾಕ್ರೋ ತೊಂದರೆ ಸರಿಯಾದದ್ದು 6.0.7 ಮತ್ತು 6.1.3ರಲ್ಲಿ, ಅವು ಪೂರ್ತಿ ಹೊಸ ಆವೃತ್ತಿಗಳು. ಅಲ್ಲಿ ‘ಸರಿಪಡಿಸಿದ ಆವೃತ್ತಿ’ ಅಂತಲೇ ಬರೆಯುತ್ತೇನೆ.

ಈಗ ನನ್ನ ವಾಕ್ಯ: ‘ಈ ಆವೃತ್ತಿಯಲ್ಲಿ ಒಂದು ಕಿಂಡಿ ಸಿಕ್ಕಿದೆ. ಅದರ ಮೂಲಕ ಕನ್ನ ಹಾಕಬಹುದು. ಸರಿಪಡಿಸಿದ ಆವೃತ್ತಿ ಹಾಕಿಕೊಳ್ಳಿ.’ ಕಂಪ್ಯೂಟರ್ ಜಾಸ್ತಿ ಗೊತ್ತಿಲ್ಲದವರಿಗೆ ಇದು ಅರ್ಥವಾಗುತ್ತದೆಯೇ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ, ನಿಮ್ಮಲ್ಲಿ ಕಿಂಡಿ ಅಂದರೆ ಬರೀ ಬೆಳಕಿಂಡಿಯೇ, ಅಥವಾ ಕಳ್ಳ ನುಸುಳುವ ಸಂದಿಗೂ ಆ ಮಾತು ಸಲ್ಲುತ್ತದೆಯೇ?