ಜೋಡಿ ಟಿ-ಪರೀಕ್ಷೆ ಯಾವಾಗ ಸರಿ? ಚಂದ್ರಿಕೆ ಹೋಲಿಕೆಯ ಲೆಕ್ಕದಲ್ಲಿ ಗೊಂದಲ

ಶಿಡ್ಲಘಟ್ಟದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಶಿಡ್ಲಘಟ್ಟದ ಸುತ್ತಮುತ್ತಲ 12 ರೇಷ್ಮೆ ಬೆಳೆಗಾರರಿಂದ ಮಾಹಿತಿ ಸಂಗ್ರಹಿಸಿದ್ದೇನೆ. ಪ್ರತಿಯೊಬ್ಬರೂ ಒಂದೇ ಬೆಳೆಯ ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುಗಳಲ್ಲಿ ಅರ್ಧವನ್ನು ಬಿದಿರಿನ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆ), ಇನ್ನರ್ಧವನ್ನು ಪ್ಲಾಸ್ಟಿಕ್ ಚಂದ್ರಿಕೆಗೆ ಬಿಟ್ಟರು. ಗೂಡು ಬಿಡಿಸಿದ ಮೇಲೆ ಪ್ರತಿ ಬಗೆಯಲ್ಲೂ ಐದೈದು ಚಂದ್ರಿಕೆ ಆರಿಸಿ, ಒಂದು ಕಿಲೋ ಗೂಡಿನಲ್ಲಿ ಡಬಲ್ ಗೂಡು (ಎರಡು ಹುಳು ಸೇರಿ ಕಟ್ಟಿದ್ದು), ಕಲೆ ಬಿದ್ದದ್ದು, ತೆಳುವಾದದ್ದು ಎಲ್ಲ ಸೇರಿ ಕೆಟ್ಟ ಗೂಡು ಎಷ್ಟು ಗ್ರಾಂ ಎಂದು ತೂಗಿದ್ದೇನೆ.

ಒಬ್ಬ ಗೆಳತಿ, “ಎರಡು ಗುಂಪುಗಳು ತಾನೇ, ಅವುಗಳ ಸರಾಸರಿಗಳನ್ನು ಹೋಲಿಸುವ ಸಾಮಾನ್ಯ ಟಿ-ಪರೀಕ್ಷೆ ಸಾಕು” ಎನ್ನುತ್ತಾಳೆ. ಇನ್ನೊಬ್ಬಳು, “ಎದುರುಬದುರು 60 ಸಾಲುಗಳಿವೆ, 60 ಜೋಡಿ ಎಂದು ಹಾಕು” ಎನ್ನುತ್ತಾಳೆ. ಇದಲ್ಲದೆ ಕಳೆದ ವರ್ಷ ಬೇರೆ 12 ಬೆಳೆಗಾರರಲ್ಲಿ ಅಳೆದ ಬಿದಿರಿನ ಚಂದ್ರಿಕೆಯ ಅಂಕಿಗಳೂ ಸಿಕ್ಕಿವೆ. ಅವನ್ನು ಈ ವರ್ಷದ ಪ್ಲಾಸ್ಟಿಕ್ ಅಂಕಿಗಳೊಂದಿಗೆ ಜೋಡಿ ಮಾಡಬಹುದೇ? ಎರಡೂ ಕಡೆ 12 ಇವೆ.

ಕೋಲಾರದ ಸಂಖ್ಯಾಶಾಸ್ತ್ರ ಮೇಷ್ಟ್ರು:

ತಾಯಿ, ಮೊದಲು ಕಂಪ್ಯೂಟರ್ ಬಿಟ್ಟು ಹುಳು ಮನೆಗೆ ಬನ್ನಿ. ಜೋಡಿ ಹುಟ್ಟುವುದು ಅಲ್ಲಿ, ಹಾಳೆಯ ಮೇಲೆ ಅಲ್ಲ. ಒಬ್ಬ ಬೆಳೆಗಾರ ದ್ವಿತಳಿ ಹುಳು ಸಾಕಿರುತ್ತಾನೆ, ಇನ್ನೊಬ್ಬ ಮಿಶ್ರತಳಿ; ಎರಡೂ ಬೇರೆ ಬೇರೆ ತಳಿ. ಒಬ್ಬರ ತೋಟದ ಸೊಪ್ಪು ಚೆನ್ನಾಗಿರುತ್ತದೆ, ಇನ್ನೊಬ್ಬರಲ್ಲಿ ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಸೊಪ್ಪೇ ಸಾಲದೆ ಹೋಗಿರುತ್ತದೆ. ಇವೆಲ್ಲ ಆ ಮನೆಯ ಎರಡೂ ಚಂದ್ರಿಕೆಗಳನ್ನು ಸಮನಾಗಿ ತಟ್ಟುತ್ತವೆ. ಆದ್ದರಿಂದ ಮನೆಮನೆಗೂ ಬಿದಿರಿನ ಅಂಕಿಯಿಂದ ಪ್ಲಾಸ್ಟಿಕ್ಕಿನದನ್ನು ಕಳೆದರೆ ಆ ಮನೆಯ ಏರುಪೇರು ಬಹುಮಟ್ಟಿಗೆ ಕಳೆದುಹೋಗಿ, ಚಂದ್ರಿಕೆಯ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಜೋಡಿ ಟಿ-ಪರೀಕ್ಷೆ ಮಾಡುವುದು ಇಷ್ಟೇ: ಆ ವ್ಯತ್ಯಾಸಗಳ ಸರಾಸರಿ ಸೊನ್ನೆಯಿಂದ ದೂರವಿದೆಯೇ ಎಂದು ನೋಡುವುದು.

ಒಂದು ಪರೀಕ್ಷೆ ಹೇಳುತ್ತೇನೆ. ಒಂದು ಕಾಲಂನ ಅಂಕಿಗಳನ್ನು ಮಾತ್ರ ಕಲಸಿಬಿಡಿ. ಏನೂ ಕಳೆದುಕೊಂಡಂತಾಗದಿದ್ದರೆ ಅದು ಜೋಡಿಯೇ ಅಲ್ಲ. ಬೆಳೆಗಾರರ ಸಾಲು ಕಲಸಿದರೆ ಈ ಮನೆಯ ಬಿದಿರು ಆ ಮನೆಯ ಪ್ಲಾಸ್ಟಿಕ್ಕಿಗೆ ಗಂಟುಬೀಳುತ್ತದೆ, ಲೆಕ್ಕ ಕೆಡುತ್ತದೆ. ಆದರೆ ಒಂದೇ ಮನೆಯ ಮೊದಲನೇ ಬಿದಿರಿನ ಚಂದ್ರಿಕೆಗೂ ಮೊದಲನೇ ಪ್ಲಾಸ್ಟಿಕ್ ಚಂದ್ರಿಕೆಗೂ ಏನು ನಂಟು? ನೀವು ಕೊಟ್ಟ ಸಂಖ್ಯೆ ಬಿಟ್ಟರೆ ಏನೂ ಇಲ್ಲ. ಹಾಗಾಗಿ 60 ಜೋಡಿಗಳಿಲ್ಲ. ಐದರ ಸರಾಸರಿ ತೆಗೆದು ಮನೆಗೊಂದು ಜೋಡಿಯಂತೆ 12 ಮಾಡಿ. 60 ಎಂದು ಹಾಕಿದರೆ ಒಂದೇ ಮನೆಯ ಸುದ್ದಿಯನ್ನು ಐದು ಸಲ ಎಣಿಸಿದಂತಾಗಿ, ಪಿ ಬೆಲೆ (ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) ಸುಳ್ಳೇ ಚಿಕ್ಕದಾಗುತ್ತದೆ. ಇದನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ಕಳೆದ ವರ್ಷದ 12 ಮಂದಿಗೂ ಈ ವರ್ಷದವರಿಗೂ ಸಂಬಂಧವಿಲ್ಲ. ಸಂಖ್ಯೆ ಸಮ ಇದ್ದ ಮಾತ್ರಕ್ಕೆ ಜೋಡಿ ಆಗುವುದಿಲ್ಲ. ಅಲ್ಲಿ ಸ್ವತಂತ್ರ ಗುಂಪುಗಳ ಟಿ-ಪರೀಕ್ಷೆ, ಅದರಲ್ಲೂ ಎರಡು ಗುಂಪುಗಳ ಏರುಪೇರು ಸಮವೆಂದು ಭಾವಿಸದ ವೆಲ್ಚ್ ವಿಧಾನವೇ ದಾರಿ. ಆಗಲೂ ಕಂಡ ವ್ಯತ್ಯಾಸ ಚಂದ್ರಿಕೆಯದೋ, ಆ ವರ್ಷದ ಹವೆಯದೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ.

ಜೋಡಿ ಎಷ್ಟು ಬಲ ಕೊಡುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೇ ಇದೆ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ಗಾಸೆಟ್, 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆದ ಲೇಖನದಲ್ಲಿ 10 ರೋಗಿಗಳ ನಿದ್ದೆಯ ಅಂಕಿಗಳಿವೆ. ಅದೇ ರೋಗಿಗಳಿಗೆ ಎರಡು ಔಷಧಿ ಕೊಟ್ಟಾಗ ಹೆಚ್ಚಿದ ನಿದ್ದೆ ಸರಾಸರಿ 0.75 ಗಂಟೆ ಮತ್ತು 2.33 ಗಂಟೆ. ಜೋಡಿ ಎಂದು ಲೆಕ್ಕ ಹಾಕಿದರೆ ಟಿ 4.06, ಪಿ ಸುಮಾರು 0.003. ಅದೇ ಅಂಕಿಗಳನ್ನು ಬೇರೆ ಬೇರೆ ಜನರದ್ದೆಂದು ತಪ್ಪಾಗಿ ಹಾಕಿದರೆ ಟಿ 1.86, ಪಿ 0.08ರ ಹತ್ತಿರ. ಒಬ್ಬೊಬ್ಬರ ನಿದ್ದೆ ಒಂದೊಂದು ತರಹ; ಕಳೆಯದೆ ಬಿಟ್ಟರೆ ಆ ಏರುಪೇರಿನಲ್ಲಿ ಔಷಧಿಯ ಗುಣವೇ ಮುಳುಗಿಹೋಗುತ್ತದೆ.

ಚಿಂತಾಮಣಿಯ ಬೆಳೆಗಾರ:

ಲೆಕ್ಕ ನನಗೆ ಅಷ್ಟು ತಿಳಿಯದು. ಹುಳು ಸಾಕುವವನಾಗಿ ಒಂದು ಮಾತು ಕೇಳುತ್ತೇನಮ್ಮ. ಪ್ಲಾಸ್ಟಿಕ್ ಚಂದ್ರಿಕೆಯನ್ನು ಎಲ್ಲರೂ ಗಾಳಿಯಾಡುವ ಕಡೆಗೇ ಇಟ್ಟಿದ್ದರೇ? ಗೂಡು ಕಟ್ಟುವಾಗ ತೇವ ನಿಂತರೆ ಗೂಡಿಗೆ ಕಲೆ ಬೀಳುತ್ತದೆ. ಮೂಲೆಗೆ ಇಟ್ಟ ಚಂದ್ರಿಕೆ ಯಾವುದೇ ಆಗಲಿ, ಪೆಟ್ಟು ತಿನ್ನುತ್ತದೆ. ಮೊದಲು ಹಣ್ಣಾದ ಹುಳುಗಳನ್ನೆಲ್ಲ ಒಂದೇ ಬಗೆಗೆ ಬಿಟ್ಟು, ಹಿಂದುಳಿದವನ್ನು ಇನ್ನೊಂದಕ್ಕೆ ಬಿಟ್ಟಿದ್ದರೂ ಹೋಲಿಕೆ ಸರಿಯಾಗುವುದಿಲ್ಲ.

ಶಿಡ್ಲಘಟ್ಟದ ವಿದ್ಯಾರ್ಥಿನಿ:

ಇಬ್ಬರಿಗೂ ಧನ್ಯವಾದಗಳು. ಅಣ್ಣ, ಯಾವ ಬಗೆ ಯಾವ ಕಡೆಗೆ ಎಂಬುದನ್ನು ಪ್ರತಿ ಮನೆಯಲ್ಲೂ ಚೀಟಿ ಎತ್ತಿ ತೀರ್ಮಾನಿಸಿದ್ದೆವು. ಹುಳುಗಳನ್ನೂ ಎರಡೂ ಕಡೆಗೆ ಬೆರೆಸಿಯೇ ಬಿಟ್ಟೆವು. ಸರ್, ಇನ್ನೆರಡು ಸಂದೇಹಗಳಿವೆ. ಬಿದಿರಿನ ಕಾಲಂ ಸಾಮಾನ್ಯ ವಿತರಣೆಯಂತೆ (ಗಂಟೆಯಾಕಾರದ ಹರವು) ಕಾಣುವುದಿಲ್ಲ. ಮತ್ತೆ ಒಂದು ಮನೆಯಲ್ಲಿ ಪ್ಲಾಸ್ಟಿಕ್ಕಿನ ಗೂಡನ್ನು ನಾನು ತೂಗುವ ಮೊದಲೇ ಮಾರುಕಟ್ಟೆಗೆ ಒಯ್ದುಬಿಟ್ಟಿದ್ದರು.

ಕೋಲಾರದ ಸಂಖ್ಯಾಶಾಸ್ತ್ರ ಮೇಷ್ಟ್ರು:

ಚೀಟಿ ಎತ್ತಿದ್ದು ಬಹಳ ಒಳ್ಳೆಯ ಕೆಲಸ. ವರದಿಯಲ್ಲಿ ತಪ್ಪದೆ ಬರೆಯಿರಿ. ಕಾಲಂಗಳು ಹೇಗಾದರೂ ಇರಲಿ, ಸಾಮಾನ್ಯ ವಿತರಣೆಗೆ ಹತ್ತಿರ ಇರಬೇಕಾದದ್ದು ವ್ಯತ್ಯಾಸಗಳು. ಅವನ್ನು ಒಂದು ಗೆರೆಯ ಮೇಲೆ ಚುಕ್ಕೆಗಳಾಗಿ ಇಟ್ಟು ನೋಡಿ. ಒಂದೆರಡು ಚುಕ್ಕೆ ಬಹಳ ದೂರ ಹಾರಿದ್ದರೆ ಮೊದಲು ಆ ಮನೆಯ ತೂಕದ ಪುಸ್ತಕ ತೆಗೆದು ನೋಡಿ. ತೂಕ ಸರಿಯೇ ಇದ್ದರೆ ವ್ಯತ್ಯಾಸಗಳ ಬೆಲೆಯ ಬದಲು ಅವುಗಳ ಚಿಹ್ನೆ, ಶ್ರೇಣಿಗಳನ್ನು ನೋಡುವ ವಿಲ್ಕಾಕ್ಸನ್ ಚಿಹ್ನೆ-ಶ್ರೇಣಿ ಪರೀಕ್ಷೆಯನ್ನೂ ಮಾಡಿ ಎರಡನ್ನೂ ತೋರಿಸಿ. ಗೂಡು ಮಾರಿದ ಮನೆಯ ಜೋಡಿಯನ್ನು ಪೂರ್ತಿ ಬಿಡಬೇಕು. ಒಂಟಿ ಬಿದಿರಿನ ಅಂಕಿಯಿಂದ ವ್ಯತ್ಯಾಸ ಹೊರಡುವುದಿಲ್ಲ. 11 ಜೋಡಿಗಳು ಉಳಿಯುತ್ತವೆ. ಬಿಟ್ಟದ್ದು ಏಕೆ ಎಂದು ಒಂದು ಸಾಲು ಸೇರಿಸಿ.